ಒಳಗೆ ಬಿಟ್ಟ ಬಟ್ಟೆ

"ಬಾಯಿ ತೆಗಿ."

ತೆಗೆದೆ.

"ನಾಲಿಗೆ ಎತ್ತು."

ಎತ್ತಿದೆ. ದೊಡ್ಡಮ್ಮ ಬಗ್ಗಿ ನೋಡಿದಳು. ನೋಡಿದ್ದು ಸಾಲದೆಂದು ತೋರುಬೆರಳನ್ನು ಒಳಗೆ ಹಾಕಿ ಎಡಗೆನ್ನೆ, ಬಲಗೆನ್ನೆ, ವಸಡಿನ ಹಿಂದೆಲ್ಲ ತಡಕಿ, ಬೆರಳನ್ನು ಒಂದು ಚಿಂದಿ ಬಟ್ಟೆಗೆ ಒರೆಸಿಕೊಂಡಳು. ಆ ಬೆರಳಿಗೆ ಸದಾ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದ ರುಚಿ. ನನ್ನ ದಿನ ಶುರುವಾಗುತ್ತಿದ್ದುದೇ ಆ ರುಚಿಯಿಂದ. ಕಳ್ಳರನ್ನು ಕೂಡ ಏನಾದರೂ ಕದ್ದ ಮೇಲೆ ತಡಕುತ್ತಾರೆ. ನಾನು ಏನೂ ಕದಿಯದೆ ವರ್ಷಗಟ್ಟಲೆ ತಡಕಿಸಿಕೊಂಡೆ.

"ನುಂಗಿದೀನಿ ಅಂತ ಹೇಳಿದೆನಲ್ಲ," ಅಂದೆ.

"ನಿಮ್ಮಮ್ಮನೂ ಹಾಗೇ ಹೇಳ್ತಿದ್ಲು," ಅಂದಳು.

ಅಮ್ಮನ ಸುದ್ದಿ ಎತ್ತಿದರೆ ನನ್ನ ಬಾಯಿ ಕಟ್ಟುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಎಚ್‌ಐವಿ ಹೊತ್ತುಕೊಂಡೇ ಹುಟ್ಟಿದವಳು. ಅಮ್ಮನಿಂದ ಬಂದದ್ದು. ಅಪ್ಪನ ಮುಖ ನನಗೆ ನೆನಪಿಲ್ಲ, ಅಮ್ಮ ನಾನು ಅಕ್ಷರ ಕಲಿಯುವ ಹೊತ್ತಿಗೆ ಹೋದಳು. ದಿನಾ ಮಾತ್ರೆ ನುಂಗಿದರೆ ವೈರಸ್ ರಕ್ತದಲ್ಲಿ ಕಾಣಿಸದಷ್ಟು ಇಳಿಯುತ್ತದೆ, ಎಲ್ಲರ ಹಾಗೆ ಬದುಕಬಹುದು. ಅಮ್ಮನಿಗೆ ಮಾತ್ರೆ ಅಂದರೆ ವಾಂತಿ. "ನುಂಗಿದೆ ಅಕ್ಕ" ಎಂದು ಹೇಳಿ ಹೇಳಿ ಸತ್ತಳು. ಅವಳು ಹೋದ ಮೇಲೆ ಅವಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿದ್ದ ಗುಂಡಿ ಡಬ್ಬಿಯನ್ನು ದೊಡ್ಡಮ್ಮ ಸುರಿದು ನೋಡಿದರೆ, ಅಂಗಿ ಗುಂಡಿಗಳ ಜೊತೆ ಅಷ್ಟೇ ಮಾತ್ರೆಗಳೂ ಉರುಳಿದವಂತೆ. ಅಂದಿನಿಂದ ದೊಡ್ಡಮ್ಮ ಕಣ್ಣಾರೆ ಕಂಡದ್ದನ್ನು ಬಿಟ್ಟರೆ ಬೇರೇನನ್ನೂ ನಂಬಳು. ಅದರ ದಂಡ ತೆತ್ತವಳು ನಾನು.

ದೊಡ್ಡಮ್ಮನದು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಶಾಲೆ ಶುರುವಾಗುವ ಮುಂಚಿನ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀಲಿ ಬಟ್ಟೆಯ ಥಾನುಗಳು, ದಾರದ ಉಂಡೆಗಳು, ಇಸ್ತ್ರಿಯ ಆವಿ, ಅಳುವ ಮಕ್ಕಳು, ಅವರಿಗಿಂತ ಜೋರಾಗಿ ಕೂಗುವ ತಾಯಂದಿರು.

ಆ ಅಂಗಡಿಯಲ್ಲಿ ನನಗೊಂದು ಹುದ್ದೆಯಿತ್ತು. ಐದನೇ ತರಗತಿಯ ಅಳತೆ ನಾನೇ. ವಯಸ್ಸು ಹದಿನೈದು, ಓದುವುದು ಒಂಬತ್ತನೇ ತರಗತಿ, ನೋಡಲು ಹತ್ತು. ಬೇರೆ ಮಕ್ಕಳು ಒಂದು ವರ್ಷ ಐದನೇ ತರಗತಿಯಲ್ಲಿದ್ದು ಮುಂದೆ ಹೋಗುತ್ತಾರೆ, ನನ್ನ ಮೈ ಅಲ್ಲೇ ಕೂತುಬಿಟ್ಟಿತ್ತು. ದೊಡ್ಡಮ್ಮ ಮಾದರಿ ಅಂಗಿ ಹೊಲಿದು ನನಗೆ ತೊಡಿಸಿ ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಸುತ್ತ ತಿರುಗುತ್ತಿದ್ದಳು. ಮರದ ಗೊಂಬೆ ತರಲು ದುಡ್ಡು ಬೇಕು. ನಾನು ಪುಕ್ಕಟೆ ಸಿಕ್ಕಿದ್ದೆ.

ಒಮ್ಮೆ ಹಾಗೆ ನಿಂತಿದ್ದಾಗ ಒಬ್ಬ ತಾಯಿ ಬಂದು ನನ್ನ ಗಲ್ಲ ಹಿಂಡಿದಳು. "ಪಾಪು, ಎಷ್ಟನೇ ಕ್ಲಾಸಮ್ಮ?"

"ಒಂಬತ್ತು. ನಿಮ್ಮ ಮಗಳಿಗೆ ಲೆಕ್ಕ ಬರದಿದ್ರೆ ಕಳಿಸಿ, ಹೇಳಿಕೊಡ್ತೀನಿ."

ಆಕೆಯ ಕೈ ಗಲ್ಲದ ಮೇಲಿಂದ ತಟ್ಟನೆ ಇಳಿಯಿತು. ದೊಡ್ಡಮ್ಮ ಪಿನ್ನು ಕಚ್ಚಿಕೊಂಡೇ ನನ್ನ ಕಾಲು ಚಿವುಟಿದಳು. ಆ ತಾಯಿ ಸುಧಾರಿಸಿಕೊಂಡು ದೊಡ್ಡಮ್ಮನ ಕಡೆ ತಿರುಗಿ, "ನಮ್ಮ ಹುಡುಗೀದು ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲೀರಿ, ಬೆಳೆಯೋ ಮಗು," ಅಂದಳು.

ಎಲ್ಲ ತಾಯಂದಿರೂ ಹೇಳುವುದು ಅದನ್ನೇ. ಸ್ಕರ್ಟಿನ ಅಂಚನ್ನು ಒಳಕ್ಕೆ ಅಗಲವಾಗಿ ಮಡಿಸಿ ಹೊಲಿದಿಟ್ಟರೆ, ಮಗು ಉದ್ದವಾದ ಹಾಗೆಲ್ಲ ಬಿಚ್ಚಿ ಇಳಿಸಬಹುದು. ಅಂಚು ಹೊಲಿಯುವ ಕೈಕೆಲಸ ನನ್ನದು. ಆದ್ದರಿಂದ ಈ ಊರಿನ ಯಾವ ಮಗು ಎಷ್ಟು ಬೆಳೆಯುತ್ತದೆಂದು ಅದರ ತಾಯಿ ನಂಬಿದ್ದಾಳೆ ಎಂಬುದು ನನಗೆ ಗೊತ್ತು. ಕೆಲವರದು ಮೂರು ಬೆರಳಗಲ, ಕೆಲವರದು ನಾಲ್ಕು. ಒಬ್ಬ ದುರಾಸೆಯ ತಾಯಿ ಅರ್ಧ ಸ್ಕರ್ಟನ್ನೇ ಒಳಗೆ ಮಡಿಸಿಕೊಂಡು ಹೋದಳು. ನನ್ನ ಸ್ಕರ್ಟುಗಳನ್ನು ಮಾತ್ರ ದೊಡ್ಡಮ್ಮನೇ ಹೊಲಿಯುತ್ತಿದ್ದಳು. ಅವುಗಳ ಅಂಚು ನೂಲು ಬಿಡದಿದ್ದರೆ ಸಾಕು ಎನ್ನುವಷ್ಟು ಕಿರಿದು.

"ನನ್ನದಕ್ಕೆ ಯಾಕೆ ಬಿಟ್ಟಿಲ್ಲ?" ಎಂದು ಕೇಳಿದ್ದೆ.

"ಸುಮ್ನೆ ಬಟ್ಟೆ ದಂಡ," ಅಂದಳು ತಲೆಯೆತ್ತದೆ.

ಬೈದಿದ್ದರೆ ಮರೆಯುತ್ತಿದ್ದೆ. ಇದನ್ನು ಅವಳು ಬೈಗುಳವಾಗಿ ಹೇಳಿರಲಿಲ್ಲ, ಲೆಕ್ಕಾಚಾರವಾಗಿ ಹೇಳಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅಂದು ಮಧ್ಯಾಹ್ನ ಅವಳ ಒಳ್ಳೆಯ ಕತ್ತರಿಯಲ್ಲಿ ರಟ್ಟು ಕತ್ತರಿಸಿ ಅದರ ಅಲಗು ಮೊಂಡು ಮಾಡಿದೆ, ಸ್ವಲ್ಪ ಸಮಾಧಾನವಾಯಿತು.

ನಂತರ ನನ್ನ ಕೈ ಮುರಿಯಿತು. ದೊಡ್ಡದೇನೂ ಆಗಿರಲಿಲ್ಲ. ಮೇಲಿನ ಹಲಗೆಯಿಂದ ದಾರದ ಉಂಡೆ ತೆಗೆಯಲು ಸ್ಟೂಲು ಹತ್ತಿದ್ದೆ, ಜಾರಿದೆ, ಕೈ ಊರಿದೆ. ಬೇರೆ ಹುಡುಗಿಯಾಗಿದ್ದರೆ ಎದ್ದು ಧೂಳು ಕೊಡವಿಕೊಳ್ಳುತ್ತಿದ್ದಳು. ನನ್ನ ಮಣಿಕಟ್ಟು ಒಣಕಡ್ಡಿಯ ಹಾಗೆ ಲಟಕ್ ಅಂದಿತು.

ನನ್ನ ಆಸ್ಪತ್ರೆಯ ಡಾಕ್ಟರು ಕುಳ್ಳಿ. ಕುರ್ಚಿಯ ಮೇಲೆ ದಿಂಬು ಹಾಕಿ ಕೂರುತ್ತಾರೆ, ಆದರೂ ಕಾಲು ನೆಲಕ್ಕೆ ಎಟುಕುವುದಿಲ್ಲ. ಲೋಕದಲ್ಲಿ ನಾನು ನೇರವಾಗಿ ಕಣ್ಣಿಟ್ಟು ನೋಡಬಲ್ಲ ದೊಡ್ಡವರು ಅವರೊಬ್ಬರೇ. ಅವರು ನನ್ನನ್ನು ಮೂಳೆಯ ಗಟ್ಟಿತನ ಅಳೆಯುವ ಯಂತ್ರದ ಕೆಳಗೆ ಮಲಗಿಸಿದರು, ಅಂಗೈಯ ಎಕ್ಸ್‌ರೇ ತೆಗೆಸಿದರು.

"ಮೂಳೆ ತೆಳುವಾಗಿದೆ," ಅಂದರು. "ಹುಟ್ಟಿದಾಗಿನಿಂದ ಈ ಸೋಂಕು ಇರೋ ಮಕ್ಕಳಲ್ಲಿ ಇದು ಆಗುತ್ತೆ. ಸೋಂಕೂ ಕಾರಣ, ಮುಂಚೆ ಕೊಡ್ತಿದ್ದ ಒಂದು ಮಾತ್ರೆಯೂ ಸ್ವಲ್ಪ ಕಾರಣ. ಬೆಳವಣಿಗೆನೂ ನಿಧಾನ ಆಗುತ್ತೆ. ನೋಡು, ನಿನಗೆ ಹದಿನೈದು, ನಿನ್ನ ಮೂಳೆಗೆ ಹನ್ನೊಂದೇ."

"ಮೂಳೆಗೂ ಐದನೇ ಕ್ಲಾಸಾ?" ಅಂದೆ.

ಅವರು ನಕ್ಕರು. ನಾನು ನಗಿಸಲು ಹೇಳಿರಲಿಲ್ಲ.

"ಕೋಪ ಮಾಡ್ಕೋಬೇಡ. ಇದು ಒಳ್ಳೇ ಸುದ್ದಿ. ಮೂಳೆಯ ತುದೀಲಿ ಬೆಳೆಯೋ ಜಾಗ ಅಂತ ಇರುತ್ತೆ. ಅದು ಮುಚ್ಚಿಕೊಂಡ್ರೆ ಬೆಳವಣಿಗೆ ನಿಂತುಹೋಗುತ್ತೆ. ನಿಂದು ಇನ್ನೂ ತೆರೆದಿದೆ. ವೈರಸ್ಸು ಹಿಡಿತದಲ್ಲಿದ್ದು, ಚೆನ್ನಾಗಿ ತಿಂದು, ಬಿಸಿಲಲ್ಲಿ ಓಡಾಡಿ ಕುಣಿದ್ರೆ ಇನ್ನೂ ಬೆಳೀತೀಯ." ಆಮೇಲೆ ದೊಡ್ಡಮ್ಮನ ಕಡೆ ತಿರುಗಿ ಹೇಳಿದರು, "ಕ್ಯಾಲ್ಸಿಯಂ ಮಾತ್ರೆ, ಇನ್ನೊಂದು ಕಬ್ಬಿಣದ ಮಾತ್ರೆ ಬರೆದಿದೀನಿ. ಎರಡೂ ರಾತ್ರಿ ಊಟ ಆದ್ಮೇಲೆ."

ಅಷ್ಟು ಚೆನ್ನಾಗಿ ಹೇಳಿದ್ದರು. ದೊಡ್ಡಮ್ಮ ತಲೆಯಾಡಿಸಿದ್ದಳು. ಮನೆಗೆ ಬಂದು ತನ್ನದೇ ಕಾನೂನು ಮಾಡಿದಳು. ಮೊದಲನೆಯದು, ನಾನು ಕುಣಿಯುವುದಿರಲಿ, ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿಯಬೇಕು. ಎರಡನೆಯದು, ಎಲ್ಲ ಮಾತ್ರೆಯೂ ಬೆಳಗ್ಗೆ ಒಟ್ಟಿಗೆ.

"ಡಾಕ್ಟರು ರಾತ್ರಿ ಅಂದ್ರು," ಅಂದೆ.

"ರಾತ್ರಿ ನಾನು ಅಂಗಡೀಲಿ ಇರ್ತೀನಿ. ನಿನ್ನ ಬಾಯಿ ನೋಡೋರು ಯಾರು? ಮಾತ್ರೆ ಹೊಟ್ಟೆಗೆ ಹೋಗೋದು ಮುಖ್ಯ. ಬೆಳಗ್ಗೆ ಹೋದ್ರೇನು, ರಾತ್ರಿ ಹೋದ್ರೇನು."

ತಿಂಡಿಯ ಜೊತೆಗಾದರೂ ಕೊಡುತ್ತಿದ್ದಳೇ? ಇಲ್ಲ. ಬಾಯಲ್ಲಿ ಅನ್ನ ರೊಟ್ಟಿ ಇದ್ದರೆ ಅದರ ಮರೆಯಲ್ಲಿ ಮಾತ್ರೆ ಬಚ್ಚಿಡಬಹುದು ಎಂದು ಅವಳ ಅನುಮಾನ. ಹಾಗಾಗಿ ಖಾಲಿ ಹೊಟ್ಟೆ, ಖಾಲಿ ಬಾಯಿ, ಒಂದು ಲೋಟ ನೀರು, ಮೂರು ಮಾತ್ರೆ. ಕ್ಯಾಲ್ಸಿಯಂ ಮಾತ್ರೆಯಂತೂ ಕೋಟಿನ ಗುಂಡಿಯಷ್ಟು ದೊಡ್ಡದು, ಗಂಟಲಿಗೆ ಅಡ್ಡ ನಿಲ್ಲುತ್ತಿತ್ತು. ನುಂಗಿದೆ. ಬೆಳೆಯಬೇಕೆಂಬ ಆಸೆಗೆ ನುಂಗಿದೆ. ಒಂದು ದಿನವೂ ತಪ್ಪಿಸಲಿಲ್ಲ.

ಮುಂದಿನ ರಕ್ತಪರೀಕ್ಷೆಯಲ್ಲಿ ವೈರಸ್ ಕಾಣಿಸಿಕೊಂಡಿತು. ವರ್ಷಗಳಿಂದ ಕಾಣಿಸದೆ ಇದ್ದದ್ದು.

"ಮಾತ್ರೆ ಬಿಟ್ಟಿದ್ಯಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಅಂದೆ. ಅವರು ನಿಟ್ಟುಸಿರು ಬಿಟ್ಟರು. ಈ ವಯಸ್ಸಿನವರೆಲ್ಲ ಇಲ್ಲ ಅಂತಲೇ ಹೇಳುತ್ತಾರೆ ಎಂಬ ನಿಟ್ಟುಸಿರು ಅದು. ಅದರ ಮುಂದಿನ ಪರೀಕ್ಷೆಯಲ್ಲಿ ವೈರಸ್ ಇನ್ನೂ ಏರಿತು. ದೊಡ್ಡಮ್ಮ ಅಂದಿನಿಂದ ಬಾಯಿ ನೋಡಿದ ಮೇಲೆ ನನ್ನನ್ನು ಅಲುಗಾಡದಂತೆ ಕೂರಿಸಿ ಕಾಯತೊಡಗಿದಳು. ಬಚ್ಚಲಿಗೆ ಹೋದರೆ ಬಾಗಿಲು ಬಡಿಯುತ್ತಿದ್ದಳು. ನನ್ನ ದಿಂಬು ಬಿಚ್ಚಿ ಹತ್ತಿ ಹಿಂಜಿದಳು, ಶಾಲೆಯ ಚೀಲ ಸುರಿದಳು. ಕೊನೆಗೆ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದು ಒಂದೊಂದೇ ಗುಂಡಿ ಎತ್ತಿ ನೋಡಿದಳು.

"ಎಲ್ಲಿ ಉಗೀತೀಯ ಹೇಳು."

"ನಿನ್ನ ತಲೆ ಮೇಲೆ!"

ಕೆನ್ನೆಗೆ ಬಿತ್ತು. ಅಲ್ಲಿಂದ ಮಾತು ಬಿಟ್ಟೆವು. ಬಾಯಿ ತೆಗಿ, ನಾಲಿಗೆ ಎತ್ತು, ಇವೆರಡೇ ನಮ್ಮ ನಡುವಿನ ಸಂಭಾಷಣೆ. ಕೆಲವು ದಿನದ ಮೇಲೆ ಒಂದು ರಾತ್ರಿ ಅಂಗಡಿಯ ಬಾಗಿಲು ಎಳೆಯುತ್ತ ಅವಳೇ ಹೇಳಿದಳು, "ಈ ಸಲಾನೂ ಏರಿದ್ರೆ ನಿನ್ನ ಹಾಸ್ಟೆಲ್‌ಗೆ ಹಾಕ್ತೀನಿ. ನಿನ್ನಂಥ ಮಕ್ಕಳಿಗೇ ಅಂತ ಇದೆ, ವಿಚಾರಿಸಿದೀನಿ. ಅಲ್ಲಿ ನರ್ಸ್ ಇರ್ತಾಳೆ, ನಿನ್ನ ಬಾಯಿ ಅವಳು ಕಾಯಲಿ. ಇನ್ನೊಬ್ಬಳು ನನ್ನ ಕಣ್ಣೆದುರೇ ಸಾಯೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ."

"ಹಾಕು. ಐದನೇ ಕ್ಲಾಸಿನ ಅಳತೆಗೆ ಬೇರೆ ಗೊಂಬೆ ಹುಡುಕ್ಕೋ," ಅಂದೆ. ಮೇಲೆ ಹೋಗಿ ಅತ್ತೆ. ಆ ಮನೆ ನನಗೆ ಇಷ್ಟವೆಂದಲ್ಲ. ಮಾಡದ ತಪ್ಪಿಗೆ ಹೊರಗೆ ಹೋಗಬೇಕಲ್ಲ ಎಂಬ ಸಿಟ್ಟು. ಅದಕ್ಕಿಂತ ಹೆಚ್ಚಿಗೆ ಭಯ. ನುಂಗುತ್ತಿರುವುದು ನಿಜವಾದರೆ, ವೈರಸ್ ಏರುತ್ತಿರುವುದೂ ನಿಜವಾದರೆ, ಮಾತ್ರೆಯೇ ನನ್ನ ಕೈ ಬಿಟ್ಟಿದೆ ಎಂದರ್ಥ. ಆ ಭಯವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮೊದಲು ನಾನು ಸುಳ್ಳಿಯಲ್ಲ ಎಂದು ನಂಬಿದವರಿಗೆ ತಾನೇ ಅದನ್ನು ಹೇಳಲು ಸಾಧ್ಯ?

ಮತ್ತೆ ಏರಿತು. ಡಾಕ್ಟರು ಫೋನು ಮಾಡಿ ಬೆಳಗ್ಗೆಯೇ ಬರಹೇಳಿದರು, ಇನ್ನೊಮ್ಮೆ ರಕ್ತ ತೆಗೆಯಬೇಕು, ಮಾತ್ರೆ ಇಲ್ಲೇ ಬಂದು ನುಂಗಲಿ ಅಂದರು. ನಾವು ಹೊರಟಾಗ ಮೆಟ್ಟಿಲ ಬಳಿ ನನ್ನ ಬಟ್ಟೆಯ ಚೀಲ ಕಟ್ಟಿಟ್ಟಿತ್ತು. ಆಸ್ಪತ್ರೆಯಿಂದ ನೇರ ಹಾಸ್ಟೆಲ್ಲಿಗೆ. ದೊಡ್ಡಮ್ಮ ಚೀಲವನ್ನು ತಾನೇ ಹೊತ್ತುಕೊಂಡಳು. ನನ್ನ ಮಣಿಕಟ್ಟಿಗೆ ಭಾರ ಬೀಳಬಾರದಂತೆ. ಈ ಕಾಳಜಿ ನೋಡಿ ಇನ್ನಷ್ಟು ಉರಿಯಿತು.

ಡಾಕ್ಟರ ಕೋಣೆಯಲ್ಲಿ ದೊಡ್ಡಮ್ಮ ಚೀಲವನ್ನು ಮೇಜಿನ ಪಕ್ಕ ಕುಕ್ಕಿದಳು. "ನಂಗೆ ಸಾಕಾಯ್ತು ಡಾಕ್ಟ್ರೇ. ಇವಳು ನಾಟಕ ಮಾಡ್ತಾಳೆ, ಇವರಮ್ಮನ ಹಾಗೇ. ಎಲ್ಲಿ ಉಗೀತಾಳೆ ಅನ್ನೋದು ಮಾತ್ರ ಸಿಕ್ತಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. "ನಿಜ ಹೇಳು. ನಾನು ಬೈಯಲ್ಲ. ವಾರಕ್ಕೆ ಎಷ್ಟು ಸಲ ತಪ್ಪಿಸ್ತೀಯ?"

ತಪ್ಪಿಸುತ್ತೀಯಾ ಎಂದೂ ಅಲ್ಲ, ಎಷ್ಟು ಸಲ ಎಂದು. ನನಗೆ ಪಿತ್ತ ನೆತ್ತಿಗೇರಿತು.

"ಕೊಡಿ ಇಲ್ಲೇ ನುಂಗ್ತೀನಿ!" ಎಂದು ಕಿರುಚಿದೆ. ಹೊರಗಿನ ಬೆಂಚಿನ ಮೇಲಿದ್ದವರೆಲ್ಲ ಒಳಕ್ಕೆ ಇಣುಕಿದರು. "ನೀವೂ ನೋಡಿ, ಅವರನ್ನೂ ಕರೀರಿ, ಎಲ್ರೂ ನೋಡಿ! ದೊಡ್ಡಮ್ಮ, ತೆಗಿ ಮಾತ್ರೆ. ಮನೇಲಿ ಹೇಗೆ ಕೊಡ್ತೀಯೋ ಹಾಗೇ ಕೊಡು. ಆಮೇಲೆ ಬೆರಳು ಹಾಕಿ ನೋಡು. ಡಾಕ್ಟರ ಬೆರಳೂ ಹಾಕಿಸು!"

ದೊಡ್ಡಮ್ಮನಿಗೂ ಹಟ ಬಂತು. ಕೈಚೀಲದಿಂದ ಡಬ್ಬಿ ತೆಗೆದು ದಿನದ ಹಾಗೆಯೇ ನನ್ನ ಅಂಗೈಗೆ ಸುರಿದಳು. ಎಚ್‌ಐವಿಯ ಪುಟ್ಟ ಮಾತ್ರೆ, ಕೆಂಪನೆಯ ಕಬ್ಬಿಣದ ಮಾತ್ರೆ, ಕೋಟಿನ ಗುಂಡಿಯಂಥ ಕ್ಯಾಲ್ಸಿಯಂ. ನೀರಿನ ಬಾಟಲಿ ತೆರೆದುಕೊಟ್ಟಳು. ನಾನು ಮೂರನ್ನೂ ಬಾಯಿಗೆ ಎಸೆಯಲು ಕೈಯೆತ್ತಿದೆ.

ಡಾಕ್ಟರು ದಿಂಬಿನ ಮೇಲಿಂದ ಜಿಗಿದು ಬಂದು ನನ್ನ ಕೈ ಹಿಡಿದುಕೊಂಡರು. ಅದೇ ಮುರಿದ ಮಣಿಕಟ್ಟು. ನೋವಿಗೆ ಚೀರಿದೆ.

"ಮೂರೂ ಒಟ್ಟಿಗೆ?" ಅಂದರು. "ದಿನಾ ಹೀಗೇನಾ? ತಿಂಡಿ ಆಗಿದ್ಯಾ?"

"ಖಾಲಿ ಹೊಟ್ಟೆಗೇ ಕೊಡೋದು," ಎಂದಳು ದೊಡ್ಡಮ್ಮ, ಹೆಮ್ಮೆಯಿಂದಲೇ. "ಅಡಗಿಸಿಡೋಕೆ ಆಗಬಾರದಲ್ಲ. ನನ್ನ ಕಣ್ಣೆದುರೇ ನುಂಗಿಸಿ, ಬಾಯೆಲ್ಲ ತಡಕಿ ನೋಡ್ತೀನಿ."

ಡಾಕ್ಟರು ನನ್ನ ಕೈ ಬಿಟ್ಟು ಮೇಜಿಗೆ ಒರಗಿ ನಿಂತರು. ನಿಧಾನವಾಗಿ ವಿವರಿಸಿದರು. ಖಾಲಿ ಹೊಟ್ಟೆಯಲ್ಲಿ ಒಟ್ಟಿಗೆ ಹೋದರೆ ಕ್ಯಾಲ್ಸಿಯಮ್ಮೂ ಕಬ್ಬಿಣವೂ ಎಚ್‌ಐವಿ ಮಾತ್ರೆಯನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವಂತೆ, ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲವಂತೆ. ಅದಕ್ಕೇ ರಾತ್ರಿ, ಊಟವಾದ ಮೇಲೆ ಎಂದು ಹೇಳಿದ್ದಂತೆ.

"ಹಾಗಾದ್ರೆ ಅವಳು ನುಂಗ್ತಿದ್ಲಾ?" ಎಂದು ದೊಡ್ಡಮ್ಮ ಕೇಳಿದಳು.

"ನುಂಗ್ತಿದ್ಲು. ಎಲ್ಲವನ್ನೂ ನುಂಗ್ತಿದ್ಲು ಅನ್ಸುತ್ತೆ. ಕೆಲಸ ಮಾಡೋಕೆ ಬಿಡದೇ ಇದ್ದದ್ದು ನಾವು." ನನ್ನ ಕಡೆ ತಿರುಗಿದರು. "ಮಾತ್ರೆ ಬಿಟ್ಟೆಯಾ ಅಂತ ಕೇಳಿದೆ, ಯಾವುದರ ಜೊತೆ ತಗೋತೀಯ ಅಂತ ಕೇಳಲಿಲ್ಲ. ತಪ್ಪಾಯ್ತಮ್ಮ."

ತಪ್ಪಾಯ್ತು ಎಂದು ಡಾಕ್ಟರು ಅಂದರು, ದೊಡ್ಡಮ್ಮ ಅನ್ನಲಿಲ್ಲ. ಅವಳು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದಳು, ಅದು ಆಗಲೇ ಬಿಗಿಯಾಗಿತ್ತು.

ರಕ್ತ ಕೊಟ್ಟು, ಪುಟ್ಟ ಮಾತ್ರೆಯೊಂದನ್ನೇ ನುಂಗಿ ಮನೆಯ ಕಡೆಗೇ ಬಸ್ಸು ಹತ್ತಿದೆವು. ಬಟ್ಟೆಯ ಚೀಲ ಅವಳ ತೊಡೆಯ ಮೇಲಿತ್ತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ದಾರಿಯುದ್ದಕ್ಕೂ ಕಾದೆ. ಏನು ಉತ್ತರ ಕೊಟ್ಟರೆ ಅವಳಿಗೆ ಹೆಚ್ಚು ನೋಯುತ್ತದೆಂದು ಆರಿಸಿಯೂ ಇಟ್ಟುಕೊಂಡಿದ್ದೆ.

"ಇಳಿ, ಸ್ಟಾಪ್ ಬಂತು," ಅಂದಳು.

ಮರುದಿನ ಬೆಳಗ್ಗೆ ಅವಳು ಬರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟ ಮಾತ್ರೆ, ಒಂದು ಲೋಟ ನೀರು, ಬೇಯಿಸಿದ ಮೊಟ್ಟೆ. ಕೆಳಗಿನಿಂದ ಯಂತ್ರದ ಸದ್ದು. ಯಾರೂ ನೋಡದೆ ನಾನು ಮಾತ್ರೆ ನುಂಗಿದ್ದು ಅದೇ ಮೊದಲು. ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭಕ್ಕೆ ಬಿಟ್ಟುಬಿಡುತ್ತಾಳಾ ಅನ್ನಿಸಿತು.

ಗೋಡೆ ಹಿಡಿಯದೆ ಧಡಧಡನೆ ಮೆಟ್ಟಿಲಿಳಿದು ಅವಳ ಯಂತ್ರದ ಮುಂದೆ ನಿಂತೆ. ಬಾಯಿ ತೆರೆದೆ. ನಾಲಿಗೆ ಎತ್ತಿದೆ.

"ಬೇಡ, ಹೋಗು," ಅಂದಳು.

ನಾನು ಕದಲಲಿಲ್ಲ. ಜೊಲ್ಲು ಗಲ್ಲಕ್ಕೆ ಇಳಿಯಿತು, ಆದರೂ ಹಾಗೆಯೇ ನಿಂತೆ. ನೋಡಲಿ, ಇಷ್ಟು ವರ್ಷ ನೋಡಿದವಳು ಇವತ್ತೂ ನೋಡಲಿ ಎಂದು. ಅವಳು ಯಂತ್ರ ನಿಲ್ಲಿಸಿ, ಕನ್ನಡಕ ತೆಗೆದು, ನನ್ನ ಬಾಯೊಳಗಲ್ಲ, ಮುಖ ನೋಡಿದಳು.

"ನಿಮ್ಮಮ್ಮ ನುಂಗಿದೆ ಅಂದಾಗೆಲ್ಲ ನಾನು ನಂಬಿದೆ," ಅಂದಳು. "ಒಂದು ದಿನ, ಒಂದೇ ಒಂದು ದಿನ, ಬಾಯಿ ತೆಗಿ ಅಂದಿದ್ರೆ ಅವಳು ಇರ್ತಿದ್ಲು. ಹಾಗಂತ ನಿನ್ನ ಬಾಯಿ ನೋಡಿದೆ. ಅದೇ ನಿನ್ನ ಪಾಲಿಗೆ ಹೀಗಾಯ್ತು. ಇನ್ನು ನಾನು ಏನು ಮಾಡ್ಬೇಕು, ನೀನೇ ಹೇಳು."

ಬಸ್ಸಿನಲ್ಲಿ ಆರಿಸಿಟ್ಟುಕೊಂಡಿದ್ದ ಮಾತುಗಳನ್ನು ಬಿಟ್ಟು, ಗಲ್ಲದ ಜೊಲ್ಲು ಒರೆಸಿಕೊಂಡೆ.

"ಒಂದು ಗೊಂಬೆ ತಗೊಂಡು ಬಾ. ನಾನಿನ್ನು ಸ್ಟೂಲ್ ಹತ್ತಲ್ಲ," ಎಂದೆ.

ಆ ವಾರವೇ ಒಂದು ಕೈಯಿಲ್ಲದ ಹಳೆಯ ಗೊಂಬೆ ಅಂಗಡಿಗೆ ಬಂತು. ರಾತ್ರಿ ಊಟವಾದ ಮೇಲೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನುಂಗುವುದನ್ನು ನಾನೇ ನೋಡಿಕೊಂಡೆ. ಸಂಜೆ ಅಂಗಡಿಯ ಮುಂದೆ ಹಗ್ಗದಾಟ ಆಡಿದೆ. ದೊಡ್ಡಮ್ಮ ಒಳಗಿನಿಂದ ಪ್ರತಿ ಜಿಗಿತಕ್ಕೂ ಹಲ್ಲು ಕಚ್ಚುತ್ತಿದ್ದಳು, ಬೇಡ ಅನ್ನಲಿಲ್ಲ. ಅವಳಿಗೆ ಕಾಣಲೆಂದೇ ಇನ್ನಷ್ಟು ಎತ್ತರಕ್ಕೆ ಜಿಗಿದೆ.

ಮುಂದಿನ ಪರೀಕ್ಷೆಯಲ್ಲಿ ವೈರಸ್ ಇಳಿದಿತ್ತು. ಅದರ ಮುಂದಿನದರಲ್ಲಿ ಕಾಣಿಸಲೇ ಇಲ್ಲ. ಫಲಿತಾಂಶ ಕೇಳಿ ದೊಡ್ಡಮ್ಮ ಡಾಕ್ಟರ ಕೋಣೆಯಿಂದ ಎದ್ದು ಹೊರಗೆ ಹೋದಳು, ಬರುವಾಗ ಮುಖ ತೊಳೆದುಕೊಂಡಿದ್ದಳು. ಡಾಕ್ಟರು ನನ್ನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಹೆಚ್ಚೇನಿಲ್ಲ, ಅಂಗಿಯ ಗುಂಡಿ ತೂರಿಸುವ ಒಂದು ಕಾಜಾದ ಉದ್ದದಷ್ಟು ಏರಿದ್ದೆ.

"ಇನ್ನೂ ಇದೆ," ಅಂದರು ಅವರು. "ನನ್ನ ದಾಟಿಬಿಡ್ತೀಯ."

"ಅದೇನು ಮಹಾ," ಅಂದೆ.

ಹತ್ತನೇ ತರಗತಿ ಶುರುವಾಗುವ ಹಿಂದಿನ ದಿನ ದೊಡ್ಡಮ್ಮ ನನ್ನ ಹೊಸ ಸ್ಕರ್ಟನ್ನು ಹಾಸಿಗೆಯ ಮೇಲೆ ಎಸೆದು ಹೋದಳು. ಅಳತೆ ಕೂಡ ತೆಗೆದಿರಲಿಲ್ಲ, ಕಣ್ಣಳತೆಯಲ್ಲೇ ಹೊಲಿದಿದ್ದಳು. ಹೊರಗಿನಿಂದ ನೋಡಲು ಹಿಂದಿನದರ ಹಾಗೆಯೇ ಇತ್ತು. ಎತ್ತಿಕೊಂಡಾಗ ಮಾತ್ರ ಭಾರವಾಗಿತ್ತು. ಕೈಯಾಡಿಸಿ ಒಳಮೈ ತಿರುಗಿಸಿದೆ. ಅಂಚು ಒಳಕ್ಕೆ ಮಡಿಸಿತ್ತು, ಮೂರು ಬೆರಳಲ್ಲ, ನಾಲ್ಕಲ್ಲ, ನನ್ನ ಅಂಗೈ ಉದ್ದ.

ಸ್ಕರ್ಟು ಹಿಡಿದುಕೊಂಡು ಕೆಳಗೆ ಹೋದೆ. "ಸುಮ್ನೆ ಬಟ್ಟೆ ದಂಡ," ಅಂದೆ.

"ದಂಡ ಆದ್ರೆ ನಂದು. ಬಾಯಿ ಮುಚ್ಕೊಂಡು ಹಾಕ್ಕೋ," ಅಂದಳು ತಲೆಯೆತ್ತದೆ.

ಅವಳು ಕ್ಷಮೆ ಕೇಳಲಿಲ್ಲ, ನಾನೂ ಕ್ಷಮಿಸಲಿಲ್ಲ. ಮೇಲೆ ಬಂದು ಕಿಟಕಿಯ ಬೆಳಕಿನಲ್ಲಿ ಅಂಚನ್ನು ಇನ್ನೊಮ್ಮೆ ನೋಡಿದೆ. ದೊಡ್ಡಮ್ಮನ ಹೊಲಿಗೆ ಎಂದರೆ ಸಣ್ಣ, ಬಿಗಿ, ಬಟ್ಟೆ ಹರಿದರೂ ಅದು ಬಿಡುವುದಿಲ್ಲ. ಇದನ್ನು ಮಾತ್ರ ಅವಳು ಕೈಯಲ್ಲಿ, ಉದ್ದುದ್ದವಾಗಿ, ಸಡಿಲವಾಗಿ ಹೊಲಿದಿದ್ದಳು, ತುದಿಯ ದಾರಕ್ಕೆ ಗಂಟನ್ನೂ ಹಾಕಿರಲಿಲ್ಲ. ಬೇಗನೆ ಬಿಚ್ಚಬೇಕಾಗುತ್ತದೆ ಎಂದು ತಿಳಿದವರು ಹೊಲಿಯುವುದು ಹಾಗೆ.